ಮೀಡಿಯಾವಿಕಿಗೆ ಕೈಹಾಕಿದಾಗ: ಡಾಕರ್ ಮತ್ತು ಕಂಪೋಸರ್, ಗಿಟ್‌ಹಬ್ ಮತ್ತು ಗೆರಿಟ್

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಲೇಖನ ತಿದ್ದುತ್ತಿದ್ದ ನನಗೆ ಕಳೆದ ವರ್ಷ ಅದರ ಕೋಡನ್ನೇ ತಿದ್ದುವ ಹುಕಿ ಬಂತು. ಮೊದಲು ಅದು ನನ್ನ ಲ್ಯಾಪ್‌ಟಾಪಿನಲ್ಲಿ ಓಡಬೇಕಲ್ಲ!

ಅದಕ್ಕೆ ಎರಡು ದಾರಿ. ತಂತ್ರಾಂಶವನ್ನು ಅದಕ್ಕೆ ಬೇಕಾದ ಸಲಕರಣೆಗಳ ಸಮೇತ ಓಡಿಸುವ ಡಾಕರ್ ಹಿಡಿದರೆ ಪಿಎಚ್‌ಪಿ (ಮೀಡಿಯಾವಿಕಿಯನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ), ವೆಬ್ ಸರ್ವರ್ ಎಲ್ಲವೂ ಕಟ್ಟಿದ ಬುತ್ತಿಯಂತೆ ಬರುತ್ತವೆ, ಆವೃತ್ತಿಗಳ ರಗಳೆಯಿಲ್ಲ. ಆದರೆ ನನ್ನದು 4 ಜಿಬಿ ಮೆಮೊರಿಯ ಹಳೆಯ ಯಂತ್ರ. ಜೊತೆಗೆ ಬ್ರೌಸರ್ ತೆರೆದೆನೋ, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಇನ್ನೊಂದು ಕಂಪೋಸರ್, ಪಿಎಚ್‌ಪಿ ತಂತ್ರಾಂಶಕ್ಕೆ ಬೇಕಾದ ಕೋಡ್ ತುಣುಕುಗಳನ್ನು ತಂದು ಕೂಡಿಸುವ ಸಾಧನ. ಈ ದಾರಿಯಲ್ಲಿ ಪಿಎಚ್‌ಪಿಯನ್ನು ನಾವೇ ಹಾಕಿಕೊಳ್ಳಬೇಕು. ಎಂಬಿಸ್ಟ್ರಿಂಗ್ ಎಂಬ ವಿಸ್ತರಣೆಯನ್ನು ಮರೆತು ಅರ್ಧ ದಿನ ಕಳೆದೆ. ಕನ್ನಡದಂಥ ಬಹುಬೈಟ್ ಅಕ್ಷರಗಳನ್ನು ನಿಭಾಯಿಸುವುದೇ ಅದು! ಅದೊಂದು ಸರಿಹೋದ ಮೇಲೆ ಕೆಲವೇ ಆದೇಶಗಳಲ್ಲಿ ನನ್ನ ಯಂತ್ರದ 4000ನೇ ಪೋರ್ಟಿನಲ್ಲಿ (ಬ್ರೌಸರ್ ತಟ್ಟುವ ಬಾಗಿಲಿನ ಸಂಖ್ಯೆ) ವಿಕಿ ಎದ್ದು ನಿಂತಿತು. ಡೇಟಾಬೇಸ್ ಎಸ್‌ಕ್ಯುಲೈಟ್‌ನದು, ಅಂದರೆ ಒಂದು ಕಡತ ಅಷ್ಟೆ. ಕೆಡಿಸಿಕೊಂಡರೆ ಅಳಿಸಿ ಮತ್ತೆ ಮಾಡಿಕೊಳ್ಳಬಹುದು. ನನ್ನ ಮತ ಕಂಪೋಸರ್‌ಗೇ. 16 ಜಿಬಿ ಇರುವವರು ಧಾರಾಳವಾಗಿ ಡಾಕರ್ ಬಳಸಲಿ.

ನಿಜವಾದ ವ್ಯತ್ಯಾಸ ಕಂಡದ್ದು ತಿದ್ದುಪಡಿ ಕಳಿಸುವಾಗ. ಅದಕ್ಕೂ ಮೊದಲು ಕೋಡನ್ನು ಹಂಚಿಕೊಂಡು ಒಟ್ಟಾಗಿ ತಿದ್ದುವ ತಾಣವಾದ ಗಿಟ್‌ಹಬ್‌ನ ಒಂದು ಸಣ್ಣ ಯೋಜನೆಗೆ ಪುಲ್ ರಿಕ್ವೆಸ್ಟ್, ಅಂದರೆ ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಹಾಕಿದ್ದೆ. ಫೋರ್ಕ್ ಮಾಡು (ಕೋಡಿನ ಸ್ವಂತ ನಕಲು), ಬ್ರಾಂಚ್ ತೆಗೆ (ತಿದ್ದಲು ಬೇರೆ ಕವಲು), ಕಳಿಸು. ಯಾರಾದರೂ ತಪ್ಪು ತೋರಿಸಿದರೆ ಇನ್ನೊಂದು ಕಮಿಟ್ (ಟಿಪ್ಪಣಿಯೊಡನೆ ದಾಖಲಿಸಿದ ಬದಲಾವಣೆ) ಸೇರಿಸು. ಹೀಗೆ ಸೇರಿಸಿ ಸೇರಿಸಿ ‘ಸರಿ ಮಾಡಿದೆ’, ‘ಮತ್ತೆ ಸರಿ ಮಾಡಿದೆ’ ಎಂಬ ಎಂಟು ಕಮಿಟ್‌ಗಳ ಬಾಲ ಬೆಳೆದಿತ್ತು.

ಮೀಡಿಯಾವಿಕಿ ಬಳಸುವುದು ಗೆರಿಟ್ ಎಂಬ ಕೋಡ್ ಪರಿಶೀಲನೆಯ ವ್ಯವಸ್ಥೆ. ಅಲ್ಲಿ ಒಂದು ತಿದ್ದುಪಡಿಗೆ ಒಂದೇ ಕಮಿಟ್. ತಪ್ಪಿದ್ದರೆ ಅದನ್ನೇ ತಿದ್ದಿ ಮರಳಿ ಕಳಿಸಬೇಕು. ನನ್ನ ಮೊದಲ ಪುಶ್ (ಕೋಡ್ ಕಳಿಸುವಿಕೆ) ಬಾಗಿಲಲ್ಲೇ ತಿರಸ್ಕೃತವಾಯಿತು: ಕಮಿಟ್ ಸಂದೇಶದ ಕೊನೆಯಲ್ಲಿ ‘ಚೇಂಜ್-ಐಡಿ’ ಸಾಲು ಇರಲಿಲ್ಲ. ಎಷ್ಟು ಸಲ ತಿದ್ದಿದರೂ ಇದು ಅದೇ ತಿದ್ದುಪಡಿ ಎಂದು ಗೆರಿಟ್ ಗುರುತು ಹಿಡಿಯುವುದು ಆ ಸಾಲಿನಿಂದ. ಅದನ್ನು ತಾನಾಗಿ ಬರೆಯುವ ಪುಟ್ಟ ಸ್ಕ್ರಿಪ್ಟನ್ನು, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ಹುಕ್ಸ್ ಫೋಲ್ಡರಿಗೆ ಹಾಕಿ ಮತ್ತೆ ಕಳಿಸಿದೆ. ಈ ಸಲ ಕೋಡನ್ನು ತಾನಾಗಿ ಪರೀಕ್ಷಿಸುವ ಜೆಂಕಿನ್ಸ್ ಬಾಟ್ -1 ಕೊಟ್ಟಿತು, ಅಂದರೆ ನಪಾಸು. ಟ್ಯಾಬ್ ಇರಬೇಕಾದಲ್ಲಿ ನಾನು ಸ್ಪೇಸ್ ಒತ್ತಿದ್ದೆ. ಹಳೆಯ ಕಾಲದ ಕನ್ನಡ ಮೇಷ್ಟ್ರ ನೆನಪಾಯಿತು.

ಮುಜುಗರವಾದರೂ ನನಗೆ ಹಿಡಿಸಿದ್ದು ಗೆರಿಟ್ಟೇ. ಪರಿಶೀಲಕರು ಒಂದನೆಯ ಪ್ಯಾಚ್‌ಸೆಟ್ಟನ್ನೂ (ತಿದ್ದುಪಡಿಯ ಪ್ರತಿ ಆವೃತ್ತಿಗೂ ಇದೇ ಹೆಸರು) ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಕೊನೆಗೆ ಕೋಡಿನ ಇತಿಹಾಸಕ್ಕೆ ಸೇರುವುದು ಅಚ್ಚುಕಟ್ಟಾದ ಒಂದೇ ಕಮಿಟ್. ನನ್ನ ಎರಡು ಸಾಲಿಗೆ ನಾಲ್ಕನೆಯ ಪ್ಯಾಚ್‌ಸೆಟ್‌ನಲ್ಲಿ +2, ಅಂದರೆ ಪರಿಶೀಲಕರ ಒಪ್ಪಿಗೆ, ಸಿಕ್ಕಿತು. ಆದರೆ ಕೋಡ್ ಬರೆಯಲು ಈಗಷ್ಟೇ ಕಲಿಯುತ್ತಿರುವವರನ್ನು ನಾನು ಗಿಟ್‌ಹಬ್‌ಗೇ ಕಳಿಸುತ್ತೇನೆ. ಅಲ್ಲಿ ಮೊದಲ ದಿನವೇ ಬೇಸರವಾಗುವುದಿಲ್ಲ.

ಅಂದ ಹಾಗೆ, ವಿಕಿಯ ಗುಂಡಿಗಳ ಮೇಲಿನ ಕನ್ನಡ ಪದಗಳನ್ನಷ್ಟೇ ಸರಿಪಡಿಸುವ ಆಸೆಯಿದ್ದರೆ ಈ ನಾಲ್ಕೂ ಬೇಡ. ಅವುಗಳ ಅನುವಾದ ನಡೆಯುವುದು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ, ಬ್ರೌಸರಿನಲ್ಲೇ.