ಮಯೋಸೀನ್ ಹಂತಗಳ ಗಡಿ ಗುರುತಿಸಲು ಮೂರು ದಾರಿಗಳು: ಒಂದು ಹೋಲಿಕೆ

ಚಿತ್ರದುರ್ಗದ ಸುತ್ತಮುತ್ತಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಮರಡಿಹಳ್ಳಿಯ ದಿಂಬು ಲಾವಾದ (ನೀರಿನಡಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ) ಮುಂದೆ ನಿಲ್ಲುವ ವಿದ್ಯಾರ್ಥಿಗೆ ಕಾಲ ಅಳೆಯಲು ಯಾವ ಪಳೆಯುಳಿಕೆ ಚಿಪ್ಪೂ ಸಿಗುವುದಿಲ್ಲ. ಹೀಗಾಗಿಯೇ ಈ ಶಿಲೆಗಳು ಹುಟ್ಟಿದ ಆರ್ಕಿಯನ್ ಯುಗದ ಕೊನೆಯನ್ನು 250 ಕೋಟಿ ವರ್ಷ ಎಂಬ ದುಂಡು ಸಂಖ್ಯೆಗೆ ನಿಗದಿ ಮಾಡಿದ್ದಾರೆ. ಮಯೋಸೀನ್‌ನ ಪದ್ಧತಿಯೇ ಬೇರೆ. 2 ಕೋಟಿ 30 ಲಕ್ಷ ವರ್ಷಗಳ ಹಿಂದಿನಿಂದ 53 ಲಕ್ಷ ವರ್ಷಗಳ ಹಿಂದಿನವರೆಗಿನ ಈ ಕಾಲವನ್ನು ಅಕ್ವಿಟೇನಿಯನ್, ಬರ್ಡಿಗೇಲಿಯನ್, ಲಾಂಗಿಯನ್, ಸೆರವಾಲಿಯನ್, ಟಾರ್ಟೋನಿಯನ್, ಮೆಸ್ಸಿನಿಯನ್ ಎಂಬ ಆರು ಹಂತಗಳಾಗಿ ಒಡೆದು, ಪ್ರತಿ ಹಂತದ ಬುಡವನ್ನು ಎಲ್ಲಾದರೂ ಒಂದೇ ಬಂಡೆಯ ಒಂದೇ ಬಿಂದುವಿಗೆ ‘ಚಿನ್ನದ ಮೊಳೆ’ ಹೊಡೆದು ಗೊತ್ತುಪಡಿಸಬೇಕೆಂಬುದು ಅದರ ನಿಯಮ. ಆ ಬಿಂದುವನ್ನು ಬೇರೆ ಊರಿನ ಶಿಲೆಯಲ್ಲಿ ಹುಡುಕುವ ಮೂರು ದಾರಿಗಳನ್ನು ನಾನು ಪಾಠದ ಜೊತೆಗೆ ಅಭ್ಯಾಸವಾಗಿ ಮಾಡಿ ನೋಡಿದ್ದೇನೆ.

ಮೊದಲನೆಯದು ಪಳೆಯುಳಿಕೆ. ಕೊಲ್ಲಂ ಸಮೀಪದ ಪಡಪ್ಪಕ್ಕರದ ಸುಣ್ಣಕಲ್ಲಿನ ಜೊತೆಗಿರುವ ಜೇಡಿಪದರವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒಣಗಿದ ಪುಡಿಯಿಂದ ಒದ್ದೆ ಕುಂಚದ ತುದಿಯಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಕಡಲಜೀವಿಗಳ ಚಿಪ್ಪುಗಳನ್ನು ಒಂದೊಂದಾಗಿ ಎತ್ತುವ ಕೆಲಸ ಕಣ್ಣಿಗೆ ದಣಿವು ತಂದರೂ ಮನಸ್ಸನ್ನು ಹಿಡಿದಿಡುತ್ತದೆ. ಇದರಿಂದ ಪದರವು ಬರ್ಡಿಗೇಲಿಯನ್ ಎಂಬಷ್ಟು ತಿಳಿಯುತ್ತದೆ. ಆದರೆ ಆ ಹಂತವೇ ಸುಮಾರು 45 ಲಕ್ಷ ವರ್ಷ ಉದ್ದದ್ದು. ಅದರೊಳಗೆ ಎಲ್ಲಿ ಎಂದು ಕೇಳಿದರೆ ಆಳವಿಲ್ಲದ ಕಡಲಿನ ಈ ಜೀವಿಗಳು ಖಚಿತ ಉತ್ತರ ಕೊಡುವುದಿಲ್ಲ. ಒಂದು ಪ್ರಭೇದ ಎಲ್ಲ ಕಡಲುಗಳಿಗೂ ಒಂದೇ ದಿನ ಬಂದಿಳಿಯುವುದೂ ಇಲ್ಲ.

ಎರಡನೆಯದು ಶಿಲೆಯಲ್ಲಿ ಉಳಿದ ಕಾಂತೀಯತೆ. ಭೂಮಿಯ ಕಾಂತಧ್ರುವಗಳು ಅದಲುಬದಲಾದುದು ಎಲ್ಲೆಡೆ ಒಟ್ಟಿಗೆ ದಾಖಲಾಗುವುದರಿಂದ, ಕಡಲಿನ ಪದರಕ್ಕೂ ಶಿವಾಲಿಕ್‌ನ ನದಿ ಮರಳಿಗೂ ಇದು ಸಮಾನವಾಗಿ ಒದಗುತ್ತದೆ. ಅಕ್ವಿಟೇನಿಯನ್‌ನ ಬುಡವನ್ನು 1996ರಲ್ಲಿ ಇಟಲಿಯ ಲೆಮ್ಮೆ-ಕರೋಸಿಯೋದಲ್ಲಿ ಇಂಥದೊಂದು ಬದಲಾವಣೆಯ ಜೊತೆಗೇ ಗುರುತಿಸಿದರು. ಪ್ರಕಟಿತ ದತ್ತಾಂಶದಿಂದ ಕಪ್ಪು ಬಿಳಿ ಪಟ್ಟಿ (ಕಪ್ಪು ಎಂದರೆ ಇಂದಿನಂತಿದ್ದ ಧ್ರುವ, ಬಿಳಿ ಎಂದರೆ ತಿರುಗಿದ ಧ್ರುವ) ಕತ್ತರಿಸಿ ಮಾನಕ ಪಟ್ಟಿಯ ಪಕ್ಕದಲ್ಲಿ ಜಾರಿಸಿ ನೋಡಿದರೆ ತೊಡಕು ಕಾಣುತ್ತದೆ: ಪಟ್ಟಿ ಚಿಕ್ಕದಾಗಿದ್ದರೆ ಅದು ಒಂದಕ್ಕಿಂತ ಹೆಚ್ಚು ಕಡೆ ಕೂರುತ್ತದೆ. ಎಲ್ಲಿ ಕೂರಿಸಬೇಕೆಂದು ಪಳೆಯುಳಿಕೆಯೇ ಹೇಳಬೇಕು.

ಮೂರನೆಯದಾದ ಖಗೋಳ ಆವರ್ತನೆಯ ಎಣಿಕೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನಿಖರವಾದುದು. ಭೂಮಿಯ ಅಕ್ಷದ ತೂಗಾಟದಿಂದ ಸುಮಾರು 21 ಸಾವಿರ ವರ್ಷಗಳಿಗೊಮ್ಮೆ ಬೇಸಗೆಯ ಬಿಸಿಲು ಏರಿಳಿದು, ಮೆಡಿಟರೇನಿಯನ್ ತಳದಲ್ಲಿ ಕಪ್ಪು ಪದರಗಳು ಕೂತವು. ಟಾರ್ಟೋನಿಯನ್‌ನ ಬುಡ 1 ಕೋಟಿ 16 ಲಕ್ಷ 30 ಸಾವಿರ ವರ್ಷಗಳ ಹಿಂದಿನದು. ಇಟಲಿಯ ಅಂಕೋನಾ ಬಳಿಯ ಮಾಂಟೆ ದೇಯ್ ಕಾರ್ವಿ ಕಡಲತೀರದಲ್ಲಿ 76ನೇ ಆವರ್ತನೆಯ ಕಪ್ಪು ಪದರದ ನಟ್ಟನಡುವೆ 2003ರಲ್ಲಿ ಅದನ್ನು ನಿಗದಿಪಡಿಸಿದರು. ಮೊರಾಕ್ಕೋದ ಊಯೆದ್ ಅಕ್ರೆಶ್‌ನಲ್ಲಿ ಮೆಸ್ಸಿನಿಯನ್‌ಗೆ 15ನೇ ಆವರ್ತನೆಯ ಕೆಂಪು ಪದರ ಗುರುತಾಯಿತು. ಒಂದು ಪದರ ತಪ್ಪಿ ಹೋದರೂ ದೋಷ ಇಪ್ಪತ್ತು ಸಾವಿರ ವರ್ಷಗಳಷ್ಟೇ, ಬೇರೆ ಯಾವ ದಾರಿಯೂ ಇಷ್ಟು ಹತ್ತಿರ ತಲುಪಿಸುವುದಿಲ್ಲ. ಆದರೂ ಎಣಿಕೆಯನ್ನು ಎಲ್ಲಿಂದ ಶುರುಮಾಡಬೇಕೆಂಬುದಕ್ಕೆ ಉಳಿದೆರಡು ದಾರಿಗಳ ಆಸರೆ ಬೇಕೇ ಬೇಕು, ಮತ್ತು ಪದರಗಳು ಕಡಿಯದೆ ಕೂತಿರಬೇಕು.

ಇಷ್ಟರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಗಡಿ ಸೆರವಾಲಿಯನ್‌ನದು. ಮಾಲ್ಟಾದ ರಾಸ್ ಇಲ್ ಪೆಲ್ಲೆಗ್ರಿನ್‌ನಲ್ಲಿ ಸುಣ್ಣಕಲ್ಲು ಮುಗಿದು ನೀಲಿ ಜೇಡಿ ಶುರುವಾಗುವುದು ಬರಿಗಣ್ಣಿಗೇ ಕಾಣುತ್ತದೆ. ಅದೇ ಹೊತ್ತಿಗೆ ಅಂಟಾರ್ಕ್ಟಿಕಾದ ಹಿಮ ಬೆಳೆದು, ಜಗತ್ತಿನ ಕಡಲುಗಳ ಆಮ್ಲಜನಕ ಐಸೊಟೋಪ್ ಅನುಪಾತ (ಭಾರದ ಮತ್ತು ಹಗುರ ಆಮ್ಲಜನಕ ಪರಮಾಣುಗಳ ಪ್ರಮಾಣ) ಏಕಾಏಕಿ ಬದಲಾಯಿತು. ಹೀಗಾಗಿ ಇಲ್ಲಿನ ಗಡಿಯನ್ನು ದೂರದ ಸಾಗರದ ಕೊರೆಮಾದರಿಯಲ್ಲೂ ಹುಡುಕಬಹುದು. ಬರ್ಡಿಗೇಲಿಯನ್‌ಗೆ ಮೊಳೆ ಬೀಳುವುದು ದಶಕಗಳ ಕಾಲ ತಡವಾದದ್ದು ಇಂಥ ಅನುಕೂಲವಿಲ್ಲದ್ದರಿಂದಲೇ: ಅದರ ಮೂಲ ನೆಲೆಯಾದ ಫ್ರಾನ್ಸಿನ ಬೋರ್ಡೋ ಸೀಮೆಯದೂ ಕೊಲ್ಲಂನಂತೆಯೇ ಆಳವಿಲ್ಲದ ಕಡಲಿನ, ನಡುನಡುವೆ ಕಡಿದುಹೋದ ನಿಕ್ಷೇಪ.