ನೂರಕ್ಕೆ ನೂರು ಅಂಕ ಬಂದರೂ ಕನ್ನಡ ಕೇಳಿಸದ ಪುಟ: ಜಾಲತಾಣ ಪರೀಕ್ಷೆಯ ನಾಲ್ಕು ದಾರಿಗಳ ಹೋಲಿಕೆ

ಪತ್ತಿನ ಸಹಕಾರ ಸಂಘ, ಕನ್ನಡ ಸಂಘ, ಶಾಲೆ ನಡೆಸುವ ಟ್ರಸ್ಟ್‌ಗಳ ಜಾಲತಾಣಗಳಲ್ಲಿ ಪದೇ ಪದೇ ಸಿಗುವ ಎಂಟು ತಪ್ಪುಗಳನ್ನು ಬೇಕೆಂದೇ ಒಂದು ಪುಟಕ್ಕೆ ತುಂಬಿ, ಕಣ್ಣು ಕಾಣದವರೂ ಮೌಸ್ ಹಿಡಿಯಲಾಗದವರೂ ಬಳಸಬಲ್ಲರೇ ಎಂದು ನೋಡಲು ನಾಲ್ಕು ಬಗೆಯ ಪರೀಕ್ಷೆಗೆ ಒಡ್ಡಿದೆವು. ತಪ್ಪುಗಳು ಇವು: ಮಹಾಸಭೆಯ ನೋಟಿಸಿನ ಫೋಟೊ, ಅದರ ಬದಲಿ ಪಠ್ಯದ (ಚಿತ್ರ ಕಾಣದವರಿಗೆ ಓದಿ ಹೇಳುವ ವಿವರ) ಜಾಗದಲ್ಲಿ ಬರೀ ಕಡತದ ಹೆಸರು, ಹಳದಿ ಮೇಲೆ ಕೆಂಪು ಸಣ್ಣಕ್ಷರ, ಓಡುವ ಸಾಲು (ಮಾರ್ಕೀ), ಲೇಬಲ್ ಇಲ್ಲದೆ ಪೆಟ್ಟಿಗೆಯೊಳಗೇ ಮಸುಕಾಗಿ 'ಸದಸ್ಯ ಸಂಖ್ಯೆ' ಎಂದಿರುವ ಅರ್ಜಿ, ಮೌಸ್ ಇಟ್ಟರೆ ಮಾತ್ರ ಬಿಚ್ಚುವ ಮೆನು, ಇಡೀ ಪುಟ ಕನ್ನಡದಲ್ಲಿದ್ದರೂ ಭಾಷೆ ಇಂಗ್ಲಿಷ್ ಎಂಬ ಘೋಷಣೆ, 'ನುಡಿ' ತಂತ್ರಾಂಶದ ಹಳೆಯ ಫಾಂಟಿನ ಒಂದು ಪ್ಯಾರಾ.

ಲೈಟ್‌ಹೌಸ್ ಮತ್ತು ಆಕ್ಸ್

ಪುಟ ತಪಾಸಿಸಿ ನೂರಕ್ಕೆ ಅಂಕ ಕೊಡುವ ಲೈಟ್‌ಹೌಸ್ ಕ್ರೋಮ್ ಬ್ರೌಸರಿನಲ್ಲೇ ಇದೆ, ಒಂದು ನಿಮಿಷದ ಕೆಲಸ. ಒಳಗೆ ಓಡುವುದು ಆಕ್ಸ್ ಎಂಬ ಇನ್ನೊಂದು ಪರೀಕ್ಷಕ ಸಾಧನದ್ದೇ ಎಂಜಿನ್, ಹಾಗಾಗಿ ಎರಡರ ಕಣ್ಣೂ ಹೆಚ್ಚುಕಡಿಮೆ ಒಂದೇ. ಬಣ್ಣದ ತಪ್ಪು ಎರಡಕ್ಕೂ ಸಿಕ್ಕಿತು. ಅಚ್ಚ ಹಳದಿ ಮೇಲೆ ಅಚ್ಚ ಕೆಂಪಿನ ಹೊಳಪಿನ ವ್ಯತ್ಯಾಸ 3.7:1 ಮಾತ್ರ. ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5:1 ಬೇಕು, 24 ಪಿಕ್ಸೆಲ್ ಮೀರಿದ ಶೀರ್ಷಿಕೆಗೆ 3:1 ಸಾಕು. ಅಂದರೆ ಅರಿಶಿನ-ಕುಂಕುಮದ ಬಣ್ಣ ತಲೆಬರಹದಲ್ಲಿ ಉಳಿಯಬಹುದು, ಒಕ್ಕಣೆಯಲ್ಲಿ ಉಳಿಯುವಂತಿಲ್ಲ. ಕೆಂಪು-ಹಸಿರು-ನೀಲಿ ಅಳತೆಯಲ್ಲಿ ಕೆಂಪನ್ನು 176, 0, 0ಕ್ಕೆ ಇಳಿಸಿದರೆ ವ್ಯತ್ಯಾಸ 6.8:1 ದಾಟುತ್ತದೆ, ಮುಖ್ಯ ಬಣ್ಣವೂ ಉಳಿಯುತ್ತದೆ.

ಉಳಿದ ಬಹುಪಾಲು ತಪ್ಪುಗಳಲ್ಲಿ ಎರಡೂ ಮೆತ್ತಗೆ. ಬದಲಿ ಪಠ್ಯ 'ಇದೆ', ಆದ್ದರಿಂದ ಪಾಸು. ಪೆಟ್ಟಿಗೆಯೊಳಗಿನ ಮಸುಕು ಬರಹವನ್ನು ಅವು ಹೆಸರೆಂದೇ ಒಪ್ಪುತ್ತವೆ. ಬರೆಯತೊಡಗಿದ ಕೂಡಲೇ ಆ ಬರಹ ಮಾಯವಾಗುವುದು ಅವುಗಳ ಲೆಕ್ಕಕ್ಕಿಲ್ಲ. ಚಿತ್ರದ ಮೇಲೆ ಅಕ್ಷರ ಕೂಡಿಸಿದ್ದರೆ ಆಕ್ಸ್ 'ನೀವೇ ನೋಡಿ' ಎಂಬ ಪಟ್ಟಿಗೆ ಹಾಕುತ್ತದೆ, ಲೈಟ್‌ಹೌಸ್ ಅಂಕ ಕಳೆಯದೆ ಮುಂದೆ ಹೋಗುತ್ತದೆ. ಸಮಿತಿಯ ಸಭೆಯಲ್ಲಿ ತೋರಿಸುವುದು ಈ ಅಂಕವನ್ನೇ, ಅದೇ ತೊಂದರೆ.

ವೇವ್

ವೇವ್ ಎಂಬ ಸಾಧನ ಕೋಡ್ ಗೊತ್ತಿಲ್ಲದ ಕಾರ್ಯದರ್ಶಿಗೂ ಅರ್ಥವಾಗುವಂತೆ ಪುಟದ ಮೇಲೇ ಗುರುತು ಹಾಕುತ್ತದೆ. ಲೇಬಲ್ ಇಲ್ಲದ ಪೆಟ್ಟಿಗೆಗೆ ನೇರವಾಗಿ ತಪ್ಪು ಎಂದಿತು, ಕಡತದ ಹೆಸರಿನ ಬದಲಿ ಪಠ್ಯವನ್ನು ಅನುಮಾನಿಸಿತು, ಮಾರ್ಕೀಯನ್ನೂ ಹಿಡಿಯಿತು. ಸ್ವಯಂಚಾಲಿತ ಸಾಧನಗಳಲ್ಲಿ ಒಂದನ್ನೇ ಆರಿಸಬೇಕಾದರೆ ಇದನ್ನೇ ಆರಿಸಿ. ಆದರೂ ಮೆನು, ಭಾಷೆ, ಹಳೆಯ ಫಾಂಟು ಮೂರೂ ತಪ್ಪಿಸಿಕೊಂಡವು.

ಕೀಬೋರ್ಡ್, ಎನ್‌ವಿಡಿಎ, ಟಾಕ್‌ಬ್ಯಾಕ್

ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಒತ್ತುತ್ತ ಹೋದರೆ ಐದೇ ನಿಮಿಷದಲ್ಲಿ ಮೆನುವಿನ ಬಣ್ಣ ಬಯಲು. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಓದುಗ ತಂತ್ರಾಂಶ ಎನ್‌ವಿಡಿಎ ವಿಂಡೋಸ್‌ಗೆ ಉಚಿತ, ಜೊತೆಗೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವಿದೆ. ಧ್ವನಿ ಯಾಂತ್ರಿಕ, ಎರಡು ದಿನದಲ್ಲಿ ಕಿವಿ ಒಗ್ಗುತ್ತದೆ. ಶೀರ್ಷಿಕೆಗಳಿಗೆ 'ಎಚ್' ಕೀಲಿ, ಅರ್ಜಿಯ ಪೆಟ್ಟಿಗೆಗಳಿಗೆ 'ಎಫ್', ಕೊಂಡಿಗಳ ಪಟ್ಟಿಗೆ ಇನ್ಸರ್ಟ್ ಜೊತೆ ಎಫ್7. ಭಾಷೆ ಇಂಗ್ಲಿಷ್ ಎಂದು ಘೋಷಿಸಿದ ಪುಟದಲ್ಲಿ ಸ್ವರ ಇಂಗ್ಲಿಷ್‌ಗೆ ಹೊರಳಿ ಕನ್ನಡದ ಸಾಲು ಕೆಟ್ಟುಹೋಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಸ್ವರವಾದರೆ ಮೌನ. ಭಾಷೆಯ ಗುರುತನ್ನು 'ಇಎನ್'ನಿಂದ 'ಕೆಎನ್'ಗೆ ಬದಲಿಸುವುದು ಎರಡಕ್ಷರದ ಕೆಲಸ. ಆಂಡ್ರಾಯ್ಡ್ ಫೋನಿನ ಓದುಗ ತಂತ್ರಾಂಶ ಟಾಕ್‌ಬ್ಯಾಕ್‌ನಲ್ಲಿ ಇದೇ ತಪ್ಪು ಅಡಗಿಬಿಡಬಹುದು, ಗೂಗಲ್ ಧ್ವನಿ ಭಾಷೆಯನ್ನು ತಾನೇ ಊಹಿಸುವುದುಂಟು. ಹಾಗಾಗಿ ಫೋನಿನಲ್ಲಿ ಸರಿಯಾಗಿ ಕೇಳಿಸಿತೆಂದು ಬಿಡಬೇಡಿ.

ಹಳೆಯ ಫಾಂಟಿನ ಪ್ಯಾರಾ ಕೇಳಿದರೆ ಮಾತ್ರ ನಗಬೇಕೋ ಅಳಬೇಕೋ ತಿಳಿಯದು. ಇಂಗ್ಲಿಷ್ ಮುಂತಾದ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂಡಿಸುವ ನುಡಿಯ ಹಳೆಯ ಆಸ್ಕಿ ಸಂಕೇತದಲ್ಲಿ 'ಕನ್ನಡ' ಎಂಬ ಪದ ಗಣಕಕ್ಕೆ ಪಿ, ಪೌಂಡಿನ ಗುರುತು, ಜರ್ಮನ್ನಿನ ಒಂದು ಅಕ್ಷರ, ಕ್ಯೂ, ನಡುನಡುವೆ ನೆತ್ತಿಯ ಮೇಲೆ ಗೀಟು ಹೊತ್ತ ಎ. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಪರೀಕ್ಷಕ ಸಾಧನಗಳಿಗೆ ಅದೂ ಪಠ್ಯವೇ, ಪಾಸು. ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ನೋಡಿಕೊಳ್ಳಿ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಒರಟು ಪರಿವರ್ತಕ 'ಕರ್ನಾಟಕ'ವನ್ನು 'ಕನಾರ್ಟಕ' ಮಾಡುವುದು ಈ ಕಾರಣಕ್ಕೇ.

ಒಂದು ಸಾಲಿನ ವಿಜೆಟ್

ಪುಟಕ್ಕೆ ಒಂದು ಸಾಲಿನ ಕೋಡ್ ಸೇರಿಸಿದರೆ ಮೂಲೆಯಲ್ಲಿ ಗಾಲಿಕುರ್ಚಿಯ ಗುಂಡಿ, 'ಕಾನೂನು ಪಾಲನೆ ಖಾತ್ರಿ' ಎಂಬ ಮಾತು, ವರ್ಷವರ್ಷ ಚಂದಾ. ಅಕ್ಷರ ದೊಡ್ಡದಾಯಿತು, ಬಣ್ಣ ತಿರುಗಿತು, ಅಷ್ಟೆ. ನೋಟಿಸಿನ ಫೋಟೊದೊಳಗಿನ ದಿನಾಂಕ ಓದಲಿಲ್ಲ, ಹಳೆಯ ಫಾಂಟು ಹಾಗೇ ಉಳಿಯಿತು. ಓದುಗ ತಂತ್ರಾಂಶ ಬಳಸುವವರ ಗಣಕದಲ್ಲಿ ಈ ಸೌಲಭ್ಯಗಳು ಮೊದಲೇ ಇರುತ್ತವೆ. ಇಂಥ ಖಾತ್ರಿಯ ಮಾತಿಗಾಗಿಯೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಒಂದು ವಿಜೆಟ್ ಕಂಪನಿಯಿಂದ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ನಾವಾದರೆ ಆ ದುಡ್ಡನ್ನು ಎನ್‌ವಿಡಿಎ ದಿನನಿತ್ಯ ಬಳಸುವ ಅಂಧ ಪರೀಕ್ಷಕರೊಬ್ಬರ ಅರ್ಧ ದಿನಕ್ಕೆ ಕೊಡುತ್ತೇವೆ.

ಹೆದರಿಸಿ ಮಾರುವವರು ಹೇಳುವ ಕಾನೂನು ಸುಳ್ಳೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 'ಖಾಸಗಿ ಸಂಸ್ಥೆ' ಎನ್ನುವಾಗ ಸಹಕಾರ ಸಂಘ, ಟ್ರಸ್ಟುಗಳನ್ನೂ ಸೇರಿಸುತ್ತದೆ. ಮೊದಲ ಉಲ್ಲಂಘನೆಗೆ ದಂಡ 10,000 ರೂಪಾಯಿವರೆಗೆ, ಮುಂದಿನದಕ್ಕೆ 50,000ದಿಂದ 5 ಲಕ್ಷ. ಡಿಜಿಟಲ್ ಪ್ರವೇಶ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಅಳತೆಗೋಲು ಐಎಸ್ 17802 ಎಂಬ ಭಾರತೀಯ ಮಾನಕ. ಅದರಲ್ಲಿ ಗುಂಡಿ ಕೂಡಿಸಿದ್ದಕ್ಕೆ ರಿಯಾಯಿತಿ ಇಲ್ಲ.

ಈ ನಾಲ್ಕೂ ದಾರಿಯಲ್ಲಿ ಒಂದೂ ಪಿಡಿಎಫ್ ಒಳಗೆ ಇಳಿಯಲಿಲ್ಲ. ಬೈಲಾ, ಆಡಿಟ್ ವರದಿ ಕುಳಿತಿರುವುದು ಅಲ್ಲೇ. ವರ್ಡ್‌ನಲ್ಲಿ 'ಪ್ರಿಂಟ್' ಮಾರ್ಗದಿಂದ ಪಿಡಿಎಫ್ ಮಾಡಿದರೆ ಶೀರ್ಷಿಕೆ ಯಾವುದೆಂದು ಓದುಗ ತಂತ್ರಾಂಶಕ್ಕೆ ಹೇಳುವ ಟ್ಯಾಗುಗಳು ಕಳೆದುಹೋಗುತ್ತವೆ. 'ಸೇವ್ ಆ್ಯಸ್' ಬಳಸಿ, ಆಯ್ಕೆಗಳಲ್ಲಿ ರಚನೆಯ ಟ್ಯಾಗುಗಳ ಚೌಕಕ್ಕೆ ಗುರುತು ಹಾಕಿ. ಮೂಲ ಕಡತವೇ ಇಲ್ಲ, ಸ್ಕ್ಯಾನ್ ಮಾತ್ರ ಇದೆ ಎಂದಾದರೆ 300 ಡಿಪಿಐನಲ್ಲಿ ತೆಗೆದು ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕನ್ನಡ ಆರಿಸಿ ಕೊಡಿ, ಒತ್ತಕ್ಷರಗಳನ್ನು ಕೈಯಾರೆ ತಿದ್ದಿ. ಒಂದೆರಡು ಪುಟದ ನೋಟಿಸಿಗೆ ಇಷ್ಟೆಲ್ಲ ಬೇಡ, ಸಭೆಯ ದಿನ, ಗಂಟೆ, ಸ್ಥಳವನ್ನು ಪುಟದಲ್ಲೇ ಟೈಪ್ ಮಾಡಿ.