ಹಳೆಯ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಾಣೆ: ಕೌಲ್ ಬಜಾರಿನ ಒಂದು ವರ್ಕ್‌ಶಾಪ್

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಘಟಕಗಳ ಕಟಿಂಗ್ ಮಷೀನುಗಳ ಅಲಗಿಗೆ ಸಾಣೆ ಹಿಡಿದುಕೊಡುವ ಸಣ್ಣ ಲೇತ್ ವರ್ಕ್‌ಶಾಪ್ ಒಂದಿದೆ. ನಮ್ಮ ಸೋದರಮಾವನವರ ಹಿತ್ತಿಲಲ್ಲಿ ತುಕ್ಕು ತಿನ್ನುತ್ತಿದ್ದ, ಕೈಯಿಂದ ತಳ್ಳುವ ಹುಲ್ಲು ಕತ್ತರಿಸುವ ಯಂತ್ರವನ್ನು ಕಳೆದ ತಿಂಗಳು ಅಲ್ಲಿಗೆ ಒಯ್ದಿದ್ದೆ. ದಂಡು ಪ್ರದೇಶದ ಬಂಗಲೆಯಿಂದ ಬಂದ ಆ ಯಂತ್ರ 1890ರದು ಎಂದು ಮಾವ ಹೇಳುತ್ತಿದ್ದರು.

ಉಸ್ತಾದರು ಉಜ್ಜುವ ಕಾಗದವನ್ನು ಮುಟ್ಟಲಿಲ್ಲ. "ನಂಬರ್ ಹೋದರೆ ಗುರುತೇ ಹೋಯ್ತು ಸರ್" ಎನ್ನುತ್ತ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಫಲಕವನ್ನು ನಿಧಾನವಾಗಿ ಒರೆಸಿದರು. ರ‍್ಯಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್, ಇಪ್ಸ್‌ವಿಚ್ ಎಂಬ ಅಕ್ಷರಗಳು ಕಂಡವು. ಈ ಕಂಪನಿ 1832ರಿಂದಲೇ ಇಂತಹ ಯಂತ್ರಗಳನ್ನು ತಯಾರಿಸುತ್ತಿತ್ತಾದರೂ, ಪಾಲುದಾರರು ಬದಲಾದಂತೆ ಹೆಸರೂ ಬದಲಾಗುತ್ತ ಬಂದು ಈ ಮೂರು ಹೆಸರುಗಳು ಒಟ್ಟಾದದ್ದು 1884ರಲ್ಲಿ. ಅಲ್ಲಿಯವರೆಗೆ ಮಾವನ ಮಾತಿಗೆ ಅಡ್ಡಿಯಿರಲಿಲ್ಲ. ಆದರೆ ಬೀಡುಕಬ್ಬಿಣದ ಪಕ್ಕದ ಚೌಕಟ್ಟಿನಲ್ಲಿ ಬಣ್ಣದ ಪದರದಡಿ ಆರು ಅಂಕಿಯ ಬ್ರಿಟಿಷ್ ಪೇಟೆಂಟ್ ಸಂಖ್ಯೆಯೊಂದು ಸಿಕ್ಕಿತು. ಪ್ರತಿ ವರ್ಷವೂ ಹೊಸದಾಗಿ ಆರಂಭವಾಗುತ್ತಿದ್ದ ಆ ಎಣಿಕೆಯನ್ನು 1916ರಲ್ಲಿ 100001ರಿಂದ ನಿರಂತರವಾಗಿಸಿದ್ದರಿಂದ, ನಮ್ಮ ಯಂತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಪೇಟೆಂಟ್ ಸಂಖ್ಯೆ ತಯಾರಿಕೆಯ ವರ್ಷವನ್ನು ಹೇಳುವುದಿಲ್ಲ, ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಹೇಳುತ್ತದೆ.

ಸಾಣೆಯ ಕೆಲಸ ಅತ್ಯುತ್ತಮ. ಸಿಲಿಂಡರಿನ ಅಲಗುಗಳನ್ನು ಸಮ ಮಾಡಿ, ಎಮರಿ ಪೇಸ್ಟ್ (ಲೋಹ ಸವೆಸುವ ಪುಡಿಯ ಲೇಪ) ಬಳಿದು, ಕೆಳಗಿನ ಸ್ಥಿರ ಅಲಗಿಗೆ ತಾಗುವಂತೆ ಹಿಮ್ಮುಖವಾಗಿ ತಿರುಗಿಸಿ ಹದ ಮಾಡಿದರು. ಈಗ ಉದ್ದಕ್ಕೂ ಎಲ್ಲಿ ಇಟ್ಟರೂ ಕಾಗದ ನೀಟಾಗಿ ಕತ್ತರಿಸುತ್ತದೆ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಸಮೀಪ ಎಡ್ವಿನ್ ಬಡಿಂಗ್ ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು, ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ. ಬಟ್ಟೆಯ ಅಲಗುಗಳಲ್ಲಿ ಪಳಗಿದ ಕೈಗೆ ಇದು ಒಗ್ಗಿದ್ದು ಸಹಜವೇ.

ನನ್ನ ದೂರು ಒಂದೇ, ಆದರೆ ಸಣ್ಣದಲ್ಲ. ಮುರಿದ ಬೋಲ್ಟಿನ ಜಾಗದಲ್ಲಿ ನನ್ನನ್ನು ಕೇಳದೆ ರಂಧ್ರಕ್ಕೆ ಹೊಸ ಟ್ಯಾಪ್ ಹೊಡೆದು, ಅಂದರೆ ಒಳಗೆ ಹೊಸ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ) ಕೊರೆದು, ಮೆಟ್ರಿಕ್ ಬೋಲ್ಟ್ ಕೂರಿಸಿದರು. ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆ ಪದ್ಧತಿಯ ಮರೆಯ ಕೋನ 55 ಡಿಗ್ರಿ, ಮೆಟ್ರಿಕ್‌ನದು 60; ಒಮ್ಮೆ ಕೊರೆದ ಮೇಲೆ ಮೂಲ ಮರೆ ಮತ್ತೆ ಬರುವುದಿಲ್ಲ, ಮುಂದೆ ಯಂತ್ರವನ್ನು ಪರೀಕ್ಷಿಸುವವರಿಗೆ ಒಂದು ಸಾಕ್ಷ್ಯ ಕಡಿಮೆಯಾಯಿತು. ಹೇಳಿದ್ದಕ್ಕಿಂತ ಒಂದು ವಾರ ತಡವಾಯಿತು, ಆದರೆ ದರ ನ್ಯಾಯವಾಗಿದೆ. ಹಳೆಯ ಯಂತ್ರ ಕೊಡುವವರು ಯಾವ ಬೋಲ್ಟನ್ನೂ ಕೇಳದೆ ಬದಲಿಸಬಾರದೆಂದೂ, ಬಿಚ್ಚಿದ ಪ್ರತಿ ಭಾಗವನ್ನೂ ಚೀಲದಲ್ಲಿಟ್ಟು ಹಿಂದಿರುಗಿಸಬೇಕೆಂದೂ ಮೊದಲೇ ಬರೆದುಕೊಡಬೇಕು.